ಮುಳ್ಳು ತೋರಿಸುವುದೊಂದು, ಟ್ಯಾಂಕಿನಲ್ಲಿರುವುದೊಂದು

ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ನಾನು ಓಡಿಸುವುದು 2.8 ಲೀಟರ್ ಡೀಸೆಲ್ ಎಂಜಿನ್ನಿನ ಟೊಯೋಟಾ ಹೈಲಕ್ಸ್. ಪಿಕಪ್ ಗಾಡಿಗೆ ಇಲ್ಲಿಯವರು ಯೂಟ್ ಎನ್ನುತ್ತಾರೆ. ಅದರ ಜೊತೆ ಬಂದ 80 ಲೀಟರಿನ ಟ್ಯಾಂಕ್ ಪೇಟೆಯ ಓಡಾಟಕ್ಕೆ ಧಾರಾಳವಾಗಿತ್ತು. ಸಿಂಪ್ಸನ್ ಮರುಭೂಮಿ ದಾಟುವ ಹುಚ್ಚು ಹಿಡಿದ ಮೇಲೆ ಲೆಕ್ಕ ಬದಲಾಯಿತು. ಅದರ ಪಶ್ಚಿಮ ಅಂಚಿನ ಮೌಂಟ್ ಡೇರ್‌ನಿಂದ ಪೂರ್ವ ಅಂಚಿನ ಬರ್ಡ್ಸ್‌ವಿಲ್‌ಗೆ ಸುಮಾರು 500 ಕಿ.ಮೀ.; ನಡುವೆ ಒಂದೂ ಬಂಕ್ ಇಲ್ಲ, ಇರುವುದು ಸಾವಿರಕ್ಕೂ ಹೆಚ್ಚು ಮರಳುದಿಬ್ಬಗಳು. ಹೆದ್ದಾರಿಯಲ್ಲಿ ನೂರು ಕಿಲೋಮೀಟರಿಗೆ 9 ಲೀಟರ್ ಕುಡಿಯುವ ಗಾಡಿ ಮರಳಿನಲ್ಲಿ 20 ಕುಡಿಯುತ್ತದೆ. ಡೀಸೆಲ್ ಕ್ಯಾನುಗಳನ್ನು ಮೇಲ್ಛಾವಣಿಗೆ ಕಟ್ಟಿದರೆ ದಿಬ್ಬದ ಓರೆಯಲ್ಲಿ ಗಾಡಿ ವಾಲುತ್ತದೆ. ಹಾಗಾಗಿ ಚಾಸಿಸ್ಸಿನ ಕೆಳಗೇ ಕೂರುವ 140 ಲೀಟರಿನ ಉಕ್ಕಿನ ಟ್ಯಾಂಕ್ ತರಿಸಿದೆ.

ಹಳೆಯದನ್ನು ಬಿಚ್ಚುವ ಮೊದಲು ಎರಡು ವಾರ ಡೀಸೆಲ್ ಹಾಕಿಸದೆ ಓಡಿಸಿದೆ. ಒಂದು ಲೀಟರ್ ಡೀಸೆಲ್ ಎಂದರೆ ಸುಮಾರು 840 ಗ್ರಾಂ. ಅರ್ಧ ತುಂಬಿದ ಟ್ಯಾಂಕನ್ನು ಎದೆಯ ಮೇಲೆ ಇಳಿಸಿಕೊಳ್ಳುವ ಆಸೆ ನನಗಿರಲಿಲ್ಲ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಗಾಡಿಯನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಟ್ಯಾಂಕಿನಡಿಗೆ ಜಾಕ್ ಕೊಟ್ಟೆ. ಡೀಸೆಲ್ ತುಂಬುವ ಹೋಸ್, ಗಾಳಿಯ ಹೋಸ್, ಎಂಜಿನ್ನಿಗೆ ಹೋಗುವ ಮತ್ತು ಮರಳಿ ಬರುವ ಪೈಪುಗಳು, ಮೇಲಿನ ವಿದ್ಯುತ್ ಪ್ಲಗ್, ಕೊನೆಗೆ ಟ್ಯಾಂಕ್ ಹಿಡಿದಿಟ್ಟ ಪಟ್ಟಿಗಳ ಬೋಲ್ಟು, ಎಲ್ಲ ಬಿಚ್ಚಿದೆ. ಗೆಳೆಯನೊಬ್ಬ ಜಾಕ್ ಇಳಿಸಿದ, ನಾನು ಟ್ಯಾಂಕ್ ಹಿಡಿದುಕೊಂಡೆ. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಡೀಸೆಲ್ ಮಟ್ಟ ಅಳೆಯುವ ಫ್ಲೋಟ್ ಇರುವ ಘಟಕವನ್ನು ಹಳೆಯದರಿಂದ ತೆಗೆದು ಹೊಸದಕ್ಕೆ ಕೂರಿಸಬೇಕು. ಅದರ ಸುತ್ತ ಅಂಟಿದ್ದ ಕೆಂಪು ಧೂಳನ್ನು ಗಾಳಿ ಊದಿ, ಬಟ್ಟೆಯಿಂದ ಒರೆಸಿದ ನಂತರವೇ ಬಿಚ್ಚಿದೆ. ಇಲ್ಲದಿದ್ದರೆ ಆ ಧೂಳೆಲ್ಲ ಟ್ಯಾಂಕಿನೊಳಗೆ ಬಿದ್ದು, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ದಾರಿ ಹಿಡಿಯುತ್ತದೆ. ರಬ್ಬರ್ ಉಂಗುರ ಹೊಸದೇ ಹಾಕಿದೆ; ಅದರಲ್ಲಿ ಕಂಜೂಸುತನ ಸಲ್ಲದು.

ಸಂಜೆಯ ಹೊತ್ತಿಗೆ ಹೊಸ ಟ್ಯಾಂಕ್ ಮೇಲೇರಿತು. ಫಿಲ್ಟರಿನ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ ಗಾಳಿ ಹೊರಹಾಕಿದೆ, ಎಂಜಿನ್ ಒಂದೇ ಸಲಕ್ಕೆ ಹತ್ತಿತು. ಬೀಗುತ್ತಾ ಬಂಕಿಗೆ ಹೋದೆ. ಅಲ್ಲಿ ನಾಲ್ಕು ಲೀಟರ್ ಹೋಗುವಷ್ಟರಲ್ಲಿ ಪಂಪಿನ ಮೂತಿ ಟಕ್ಕೆಂದು ನಿಂತಿತು. ಮತ್ತೆ ಒತ್ತಿದೆ, ಮತ್ತೆ ಟಕ್. ಹಿಂದೆ ಸಾಲು ಬೆಳೆಯುತ್ತಿತ್ತು. ಮನೆಗೆ ಬಂದು ಟಾರ್ಚ್ ಹಿಡಿದು ಗಾಡಿಯ ಕೆಳಗೆ ತೂರಿದರೆ, ಗಾಳಿಯ ಹೋಸ್ ಟ್ಯಾಂಕಿಗೂ ಚಾಸಿಸ್ಸಿಗೂ ನಡುವೆ ಸಿಕ್ಕಿ ದೋಸೆಯಂತೆ ಮಡಚಿಕೊಂಡಿತ್ತು. ಡೀಸೆಲ್ ಒಳಗೆ ಹೋಗಬೇಕಾದರೆ ಒಳಗಿನ ಗಾಳಿ ಹೊರಗೆ ಬರಬೇಕಲ್ಲ! ಮರುದಿನ ಟ್ಯಾಂಕನ್ನು ಒಂದು ಗೇಣು ಇಳಿಸಿ, ಹೋಸನ್ನು ಮೇಲ್ಮುಖವಾಗಿ ಬಳಸಿ ಕಟ್ಟಿ, ಮತ್ತೆ ಏರಿಸಿದೆ. ಹಿಂದಿನ ಸಾಮಾನು ಹೇರುವ ಟ್ರೇಯನ್ನೇ ಎತ್ತಿ ಮೇಲಿನಿಂದ ನೋಡಿಕೊಂಡಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು.

ನಿಜವಾದ ತಲೆನೋವು ಮೀಟರಿನದು. ಫ್ಲೋಟಿನ ತೋಳು ಹಳೆಯ ಟ್ಯಾಂಕಿನ ಆಳಕ್ಕೆ ಮಾಡಿದ್ದು; ಹೊಸದರಲ್ಲಿ ಮುಳ್ಳು ಸರಿಯಾಗಿ ತೋರಿಸದು. ನಮ್ಮೂರಿನಲ್ಲಿ ಟ್ರ್ಯಾಕ್ಟರ್ ಟ್ಯಾಂಕಿಗೆ ಕಡ್ಡಿ ಇಳಿಸಿ, ಒದ್ದೆಯಾದ ಗುರುತು ನೋಡಿ ಡೀಸೆಲ್ ಎಷ್ಟಿದೆಯೆಂದು ಹೇಳುತ್ತಿದ್ದರು. ಈ ಗಾಡಿಯ ವಕ್ರ ಕೊಳವೆಯಲ್ಲಿ ಕಡ್ಡಿಯೂ ಇಳಿಯುವುದಿಲ್ಲ. ಕೆಂಪು ದೀಪ ಹತ್ತುವವರೆಗೆ ಓಡಿಸಿ, ಹತ್ತತ್ತು ಲೀಟರ್ ಹಾಕಿಸುತ್ತಾ ಮುಳ್ಳಿನ ಸ್ಥಾನ ಬರೆದುಕೊಂಡೆ. ಮುಳ್ಳು ‘ಪೂರ್ತಿ’ ಮುಟ್ಟಿದ ಮೇಲೂ 30 ಲೀಟರ್ ಹಿಡಿಯಿತು. ಆ ಚೀಟಿ ಈಗಲೂ ಬಿಸಿಲುಪಟ್ಟಿಯ ಹಿಂದಿದೆ.

ತೂಕವನ್ನೂ ಮರೆಯುವಂತಿಲ್ಲ. ಹೆಚ್ಚಿನ 60 ಲೀಟರಿಗೇ 50 ಕಿಲೋ, ಅದರ ಮೇಲೆ ಉಕ್ಕಿನ ಭಾರ. ಗಾಡಿಯ ಒಟ್ಟು ಮಿತಿ 3050 ಕಿಲೋ. ಸಾಮಾನು ಹೇರಿ ತೂಕದ ಕಾಟಾದ ಮೇಲೆ ನಿಲ್ಲಿಸಿದಾಗ ಮಿತಿ ದಾಟಿತ್ತು. ಎರಡನೆಯ ಸ್ಪೇರ್ ಚಕ್ರ ಮತ್ತು ಕಬ್ಬಿಣದ ದೋಸೆಕಾವಲಿ ಮನೆಯಲ್ಲೇ ಉಳಿದವು. ಕಾವಲಿಗಾಗಿ ಹೆಂಡತಿ ಇನ್ನೂ ಬೈಯುತ್ತಾಳೆ.

ಪಶ್ಚಿಮದಿಂದ ಪೂರ್ವಕ್ಕೆ ನಾಲ್ಕು ದಿನ. ಕೊನೆಯ ದಿನ ಮುಂದಿನ ಪರದೆ, ಉಳಿದ ಡೀಸೆಲಿನಲ್ಲಿ ಓಡಬಹುದಾದ ದೂರ ‘0 ಕಿ.ಮೀ.’ ಎಂದು ಹೆದರಿಸುತ್ತಲೇ ಇತ್ತು, ನಾನು ಚೀಟಿ ನೋಡುತ್ತಾ ಓಡಿಸಿದೆ. ಬರ್ಡ್ಸ್‌ವಿಲ್ ಬಂಕಿನಲ್ಲಿ ಟ್ಯಾಂಕ್ ತುಂಬಲು ಹಿಡಿದದ್ದು 103 ಲೀಟರ್.