ತ್ರೀಡಿ ಸಿನಿಮಾ ಕನ್ನಡಕದಲ್ಲಿ ಗ್ಲಾಕೋಮಾದ ಜರಡಿ

ಕಣ್ಣಿನ ನರ ಹೊರಬೀಳುವಲ್ಲಿ ಜರಡಿಯಂಥ ಒಂದು ಪದರವಿದೆ, ಲ್ಯಾಮಿನಾ ಕ್ರಿಬ್ರೋಸಾ. ಗ್ಲಾಕೋಮಾದಲ್ಲಿ ನರಕ್ಕೆ ಪೆಟ್ಟು ಬೀಳುವುದು ಅಲ್ಲೇ. ಪೋಲರೈಸಿಂಗ್ ಮೈಕ್ರೋಸ್ಕೋಪ್ ಕೊಳ್ಳದೆ ಅದರ ಕೊಲಾಜನ್ ಎಳೆಗಳ ದಿಕ್ಕು ಅಳೆಯಲಾಗದು ಅಂದವರೇ ಹೆಚ್ಚು. ಆಗುತ್ತದೆ. ಇದ್ದ ಹಳೆಯ ಮೈಕ್ರೋಸ್ಕೋಪಿಗೆ ಸರ್ಕ್ಯುಲರ್ ತ್ರೀಡಿ ಕನ್ನಡಕ, ಲೀನಿಯರ್ ಪೋಲರೈಸರ್ ಹಾಳೆ, ಹಸಿರು ಎಲ್‌ಇಡಿ ಸೇರಿಸಿದ್ದಕ್ಕೆ ಎರಡೂವರೆ ಸಾವಿರವೂ ದಾಟಲಿಲ್ಲ.

ದುಡ್ಡು ಸುರಿದದ್ದು ಅಂಗಾಂಶದ ತೆಳು ಸೀಳಿಗೆ, ಅಂದರೆ ಸೆಕ್ಷನ್‌ಗೆ. ಪ್ಯಾರಾಫಿನ್, ಪಿಕ್ರೋಸಿರಿಯಸ್ ರೆಡ್ (ಕೊಲಾಜನ್ ಹೊಳೆಯಿಸುವ ಬಣ್ಣ) ಅಂತ ಆರೇಳು ಸಾವಿರ ಹೋಯಿತು. ಹೊಳಪೇನೋ ಬಂತು, ಆದರೆ ಆಲ್ಕೋಹಾಲ್, ಝೈಲೀನ್‌ಗೆ ಅಂಗಾಂಶ ಕುಗ್ಗಿ ಎಳೆಗಳಲ್ಲಿ ಸಹಜವಾಗಿರುವ ಅಲೆಯಂಥ ಬಾಗಿನ ಅಳತೆಯೇ ಕೆಟ್ಟಿತು. ಈಗ ಬಣ್ಣವೇ ಇಲ್ಲ. ಮಟನ್ ಅಂಗಡಿಯ ಕುರಿಗಣ್ಣಿಗೆ ಸೂಜಿ ಚುಚ್ಚಿ, ಸಲೈನ್ ಬಾಟಲಿಯನ್ನು 30 ಸೆಂ.ಮೀ. ಮೇಲೆ ಕಟ್ಟಿ (22 ಎಂಎಂ ಪಾದರಸದಷ್ಟು ಒತ್ತಡ), ಹಾಗೇ 10% ಫಾರ್ಮಲಿನ್‌ನಲ್ಲಿ ರಾತ್ರಿಯಿಡೀ ಬಿಡುತ್ತೇನೆ. ಒತ್ತಡವಿಲ್ಲದೆ ಫಿಕ್ಸ್ ಮಾಡಿದರೆ (ಕೆಡದಂತೆ ಗಟ್ಟಿ ಮಾಡಿದರೆ) ಇಲ್ಲದ ಸುಕ್ಕು ಕಾಣುತ್ತದೆ. ನರದ ಬುಡವನ್ನಷ್ಟೇ ಪಂಚ್ ಮಾಡಿ, 30% ಸುಕ್ರೋಸ್‌ನಲ್ಲಿ ಮುಳುಗುವ ತನಕ ಇಟ್ಟು, ಜೆಲ್‌ನಲ್ಲಿ ಹೂತು, ಹೆಪ್ಪುಗಟ್ಟಿಸಿ ಸೀಳುವ ಕ್ರಯೋಸ್ಟಾಟ್‌ನಲ್ಲಿ 30 ಮೈಕ್ರಾನ್. 10ಕ್ಕೆ ಇಳಿಸಿದಾಗ ಹರಿಯಿತು, ಬೆಳಕೂ ಮಂಕು. 60ರಲ್ಲಿ ಒಂದರ ಮೇಲೊಂದು ಬಿದ್ದ ಎಳೆಗಳ ದಿಕ್ಕು ಬೆರೆತುಹೋಯಿತು, ರಿಟಾರ್ಡೆನ್ಸೂ (ಎಳೆ ಹಾಯುವಾಗ ಬೆಳಕಿನ ಒಂದು ಭಾಗ ಹಿಂದೆ ಬೀಳುವ ಪ್ರಮಾಣ) ಕಾಲು ತರಂಗ ದಾಟಿತು. ಜೆಲ್ ತೊಳೆದು ಉಪ್ಪುದ್ರಾವಣ ಪಿಬಿಎಸ್‌ನಲ್ಲೇ ಕವರ್‌ಸ್ಲಿಪ್ ಮುಚ್ಚಬೇಕು.

ಕನ್ನಡಕದ ಲೆನ್ಸ್ ಬಿಚ್ಚಿ, ಕಣ್ಣಿನ ಕಡೆಯ ಮೈ ದೀಪಕ್ಕೆ, ಪರದೆಯ ಕಡೆಯದು ಸ್ಲೈಡಿಗೆ. ಮಗುಚಿಟ್ಟರೆ, ಬೇಕಾದ ಸುತ್ತುವ (ಸರ್ಕ್ಯುಲರ್) ಬೆಳಕಿನ ಬದಲು ಬರುವುದು ಒಂದೇ ದಿಕ್ಕಿಗೆ ಕಂಪಿಸುವ ಲೀನಿಯರ್ ಬೆಳಕು. ಎಡದ ಬದಲು ಬಲಗಣ್ಣಿನ ಲೆನ್ಸ್ ಹಾಕಿದರೆ ಇನ್ನೊಂದು ಪೇಚು: ದಿಕ್ಕು ನೆಟ್ಟಗೆ 90 ಡಿಗ್ರಿ ತಪ್ಪುತ್ತದೆ. ನರದ ಸುತ್ತ ಬಳೆಯಂತೆ ಸಾಗುವ ಸ್ಕ್ಲೀರಾ (ಕಣ್ಣಿನ ಬಿಳಿ ಹೊರಗೋಡೆ) ಎಳೆಗಳು ನನಗೆ ವಾರವಿಡೀ ಚಕ್ರದ ಅರಗಳಂತೆ ಕಂಡವು! ಎಳೆಗಳ ದಿಕ್ಕು ಮೊದಲೇ ಗೊತ್ತಿರುವ ಕೋಳಿಕಾಲಿನ ಟೆಂಡನ್ (ಸ್ನಾಯುರಜ್ಜು) ಸೆಕ್ಷನ್ ಇಟ್ಟು ನೋಡಿದ ಮೇಲೆ ಗುಟ್ಟು ರಟ್ಟಾಯಿತು. ಲೆನ್ಸ್ ಅಂಟಿಸಲು ಸೆಲ್ಲೋಟೇಪ್ ಬೇಡ, ಅದೂ ಕೊಲಾಜನ್ನಿನಂತೆ ಬೈರಿಫ್ರಿಂಜೆಂಟ್ (ಬೆಳಕನ್ನು ಎರಡಾಗಿ ಸೀಳುವಂಥದ್ದು). ಅಂಚಿನಲ್ಲಿ ಇಲ್ಲದ ಎಳೆ ಹುಟ್ಟಿಸುತ್ತದೆ.

ಸ್ಲೈಡಿನ ಮೇಲಿರುವ ಲೀನಿಯರ್ ಹಾಳೆಯನ್ನು 0, 45, 90, 135ಕ್ಕೆ ತಿರುಗಿಸಿ, ಎಕ್ಸ್‌ಪೋಶರ್ ಮುಟ್ಟದೆ ನಾಲ್ಕು ಚಿತ್ರ. 90ರ ಚಿತ್ರದ ಹೊಳಪಿನಿಂದ 0 ಡಿಗ್ರಿಯದನ್ನು ಕಳೆದದ್ದು ಭಿನ್ನರಾಶಿಯ ಮೇಲೆ, 45ರದ್ದರಿಂದ 135ರದ್ದನ್ನು ಕಳೆದದ್ದು ಕೆಳಗೆ. ಆರ್ಕ್‌ಟ್ಯಾನ್‌ನ ಅರ್ಧವೇ ಎಳೆಯ ಕೋನ. ಹಾಳೆ ತಿರುಗಿದಂತೆ ಚಿತ್ರ ಐದಾರು ಪಿಕ್ಸೆಲ್ ಜಾರುತ್ತದೆ. ಅದನ್ನು ಕೂರಿಸುವ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ.

ಎಳೆಗಳ ಒಂದೊಂದು ಅಲೆಯ ಉದ್ದ ಜರಡಿಯಲ್ಲಿ ಹದಿನೈದು ಮೈಕ್ರಾನ್ ಆಸುಪಾಸು, ಸ್ಕ್ಲೀರಾದಲ್ಲಿ ಹತ್ತಿರಹತ್ತಿರ ದುಪ್ಪಟ್ಟು ಬಂತು. ವಯಸ್ಸಿಗೆ ಹೋಲಿಸಲು ಮುದಿ ಕುರಿ ಬೇಕು, ಅಂಗಡಿಗೆ ಬರುವುದು ಬಹುಪಾಲು ಎಳೆಯವೇ. ಅದಕ್ಕೇ ಬರೀ ಕಣ್ಣಿನ ಬದಲು ಇಡೀ ತಲೆಯನ್ನೇ ಕೊಂಡು, ಹಲ್ಲು ಎಣಿಸಿ ವಯಸ್ಸು ಬರೆದುಕೊಳ್ಳುತ್ತಿದ್ದೇನೆ. ಹಲ್ಲೆಲ್ಲ ಹುಟ್ಟಿ ಬಾಯಿಗೂಡಿದವು ವಾರಕ್ಕೆ ಎರಡು ಸಿಕ್ಕರೆ ಹೆಚ್ಚು.