ಇಳಿಜಾರು ಭಿನ್ನರಾಶಿಯಾದಾಗ ಗ್ರಾಫ್ ಎಳೆಯುವುದು: ನನ್ನ ಅನುಭವ

ಲೆಕ್ಕ ಇದು: ವೈ = (2/3)ಎಕ್ಸ್ − 1 ಇದರ ಗ್ರಾಫ್ ಎಳೆಯಬೇಕು. ಎಕ್ಸ್‌ನ ಜೊತೆಗಿರುವ 2/3 ಈ ಗೆರೆಯ ಇಳಿಜಾರು. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ತಂಗಿಯ ಮಗಳು ಎಕ್ಸ್‌ಗೆ 1, 2, 3 ಎಂದು ಸಾಲಾಗಿ ಬೆಲೆ ಕೊಟ್ಟಿದ್ದಳು. 1 ಕೊಟ್ಟರೆ ವೈ −1/3, 2 ಕೊಟ್ಟರೆ 1/3. ಗ್ರಾಫ್ ಹಾಳೆಯಲ್ಲಿ ಒಂದು ಸೆಂಟಿಮೀಟರಿಗೆ ಹತ್ತು ಸಣ್ಣ ಮನೆ. ಮೂರನೇ ಒಂದು ಭಾಗ ಅದರ ಯಾವ ಗೆರೆಯ ಮೇಲೂ ಬೀಳುವುದಿಲ್ಲ. ಅಂದಾಜಿಗೆ ಚುಕ್ಕಿ ಇಟ್ಟರೆ ಸ್ಕೇಲ್ ಸರಿಯಾಗಿ ಕೂರುತ್ತದಾ?

"ಎಕ್ಸ್‌ನ ಬೆಲೆ ನಾವೇ ಆರಿಸುವುದಲ್ವಾ? ಛೇದ 3. ಹಾಗಾದರೆ 3ರ ಮಗ್ಗಿಯಿಂದಲೇ ಆರಿಸು" ಎಂದೆ.

0 ಕೊಟ್ಟರೆ −1. 3 ಕೊಟ್ಟರೆ 1. 6 ಕೊಟ್ಟರೆ 3. ಎಲ್ಲವೂ ಪೂರ್ಣಾಂಕ! ಗೆರೆಗೆ ಎರಡು ಬಿಂದು ಸಾಕು, ಆದರೂ ಮೂರನೆಯದನ್ನು ಬಿಡಬೇಡಿ. ಒಂದು ತಪ್ಪಿದ್ದರೂ ಮೂರೂ ಒಂದೇ ಗೆರೆಗೆ ಬರುವುದಿಲ್ಲ, ಕೂಡಲೇ ಗೊತ್ತಾಗುತ್ತದೆ. ಬಿಂದುಗಳು ದೂರ ದೂರ ಇದ್ದಷ್ಟೂ ಗೆರೆ ಎಳೆಯುವಾಗ ಅತ್ತಿತ್ತ ತಪ್ಪುವುದು ಕಡಿಮೆ. ಹಾಗಾಗಿ −3 ಕೂಡ ಹಾಕಿಸಿದೆ, ವೈ −3 ಬಂತು.

"ಮಾವಾ, ಕೊನೆಯ ಸಂಖ್ಯೆಯೂ ಭಿನ್ನರಾಶಿ ಆದರೆ?" ಎಂದಳು. ಒಳ್ಳೆಯ ಪ್ರಶ್ನೆ. ವೈ = (2/3)ಎಕ್ಸ್ + 1/3 ತೆಗೆದುಕೊಳ್ಳಿ. ಇಲ್ಲಿ 3ರ ಮಗ್ಗಿ ಕೆಲಸ ಮಾಡುವುದಿಲ್ಲ. ಅದನ್ನು (2ಎಕ್ಸ್ + 1)/3 ಎಂದು ಬರೆದು, ಮೇಲಿನದು 3ರಿಂದ ಭಾಗವಾಗುವ ಒಂದು ಎಕ್ಸ್ ಹುಡುಕಬೇಕು. 1 ಕೊಟ್ಟರೆ ವೈ 1. ಅಲ್ಲಿಂದ ಮೂರು ಮೂರು ಹೆಜ್ಜೆ: 4 ಕೊಟ್ಟರೆ 3, −2 ಕೊಟ್ಟರೆ −1.