ಬಾಡಿಗೆ ಮನೆಯಲ್ಲಿ ಎರಡು ದರದ ಮೀಟರ್ ಇದೆಯೇ? ಬದಲಿಸುವ ಮೊದಲು ಓದಿ

ಬ್ರಿಟನ್ನಿಗೆ ಹೊಸದಾಗಿ ಬಂದವರು ಮೊದಲ ಚಳಿಗಾಲದ ವಿದ್ಯುತ್ ಬಿಲ್ ಹಿಡಿದು ಗಾಬರಿಯಿಂದ ಕೇಳುತ್ತಾರೆ: ಇಬ್ಬರೇ ಇರುವ ಮನೆಗೆ ಇಷ್ಟು ಹಣವೇ? ಅವರಿಗೆ ನಾನು ಮೊದಲು ಹೇಳುವುದು, ಮೀಟರಿನಲ್ಲಿ ಎಷ್ಟು ರೀಡಿಂಗ್ ಬರುತ್ತದೆ ನೋಡಿ ಎಂದು. ಎರಡು ಬಂದರೆ ಆ ಮನೆ ಬಹುಮಟ್ಟಿಗೆ ‘ಎಕಾನಮಿ 7’ ದರದಲ್ಲಿದೆ. ಅದನ್ನು ಆರಿಸಿದವರು ನೀವಲ್ಲ. ಹಿಂದೆ ಇದ್ದವರೋ ಮನೆ ಕಟ್ಟಿಸಿದವರೋ ಅವರ ಅನುಕೂಲಕ್ಕೆ ಮಾಡಿಕೊಂಡದ್ದು ನಿಮಗೆ ಬಂದಿದೆ. ಹಾಗೆಯೇ ಮುಂದುವರಿಯಬೇಕೆಂಬ ಕಟ್ಟುಪಾಡೇನೂ ಇಲ್ಲ. ಆದರೆ ಆತುರದಿಂದ ಬದಲಿಸಿದರೂ ನಷ್ಟವಾಗಬಹುದು.

ಊರಿನಲ್ಲಿ ನಮಗೆ ಅಭ್ಯಾಸವಾಗಿರುವುದು ಎಷ್ಟು ಯೂನಿಟ್ ಎಂಬ ಲೆಕ್ಕ. ಗೃಹಜ್ಯೋತಿ ಬಂದ ಮೇಲಂತೂ 200 ಯೂನಿಟ್ ದಾಟಿತೇ ಎನ್ನುವುದರ ಮೇಲೆಯೇ ಎಲ್ಲರ ಕಣ್ಣು. ಎರಡು ದರದ ಮನೆಯಲ್ಲಿ ಎಷ್ಟು ಬಳಸಿದಿರಿ ಎನ್ನುವುದರ ಜೊತೆಗೆ ಯಾವ ಹೊತ್ತಿನಲ್ಲಿ ಬಳಸಿದಿರಿ ಎನ್ನುವುದೂ ಮುಖ್ಯ. 1978ರಲ್ಲಿ ಬಂದ ಈ ಪದ್ಧತಿಯಲ್ಲಿ ರಾತ್ರಿ 7 ಗಂಟೆಗಳ ಕಾಲ ವಿದ್ಯುತ್ ಅಗ್ಗ. ಅದಕ್ಕೆ ಬದಲಾಗಿ ಹಗಲಿನ ದರ, ಅಂದರೆ ಸಂಜೆಯೂ ಸೇರಿ ಉಳಿದ ಹೊತ್ತಿನ ದರ, ಸಾಮಾನ್ಯ ದರಕ್ಕಿಂತ ಹೆಚ್ಚು. ರಾತ್ರಿ ಬೇಡಿಕೆ ಕುಸಿದಾಗಲೂ ವಿದ್ಯುತ್ ಸ್ಥಾವರಗಳು ಓಡುತ್ತಲೇ ಇರಬೇಕಾಗಿತ್ತು. ಆ ವಿದ್ಯುತ್ತಿನಿಂದ ಮನೆಗಳ ಸ್ಟೋರೇಜ್ ಹೀಟರ್‌ಗಳನ್ನೂ ಬಿಸಿನೀರಿನ ಟ್ಯಾಂಕ್‌ಗಳನ್ನೂ ಕಾಯಿಸಿಕೊಳ್ಳಲಿ ಎಂಬುದು ಲೆಕ್ಕಾಚಾರ.

ನಮ್ಮ ಮನೆಗಳ ದಿನಚರಿ ಇದಕ್ಕೆ ಹೊಂದುವುದು ಅಪರೂಪ. ಸಂಜೆ ಆರರಿಂದ ಒಂಬತ್ತರವರೆಗೆ ಅಡುಗೆ, ಆಗಾಗ ಗ್ರೈಂಡರ್ ತಿರುಗಿಸಿ ದೋಸೆ ಹಿಟ್ಟು, ಮನೆಯಿಂದ ಕೆಲಸ ಮಾಡುವವರ ಕಂಪ್ಯೂಟರ್, ಶನಿವಾರ ಹಗಲು ಬಟ್ಟೆ ಒಗೆತ. ಎಲ್ಲವೂ ದುಬಾರಿ ಹೊತ್ತಿನಲ್ಲಿಯೇ. ಗ್ಯಾಸ್ ಬಾಯ್ಲರ್ ಇರುವ ಮನೆಗೆ ಎರಡು ದರದ ಮೀಟರ್ ಉಳಿದುಕೊಂಡಿದ್ದರೆ ಹೆಚ್ಚು ಯೋಚಿಸಬೇಕಾಗಿಯೇ ಇಲ್ಲ. ರಾತ್ರಿ ಅಲ್ಲಿ ಓಡುವುದು ಫ್ರಿಜ್ ಮತ್ತು ವೈಫೈ ಅಷ್ಟೇ. ಒಂದೇ ದರಕ್ಕೆ ಬನ್ನಿ.

ಉಳಿದವರು ಲೆಕ್ಕ ಹಾಕಲೇಬೇಕು. ಉದಾಹರಣೆಗೆಂದು ಯೂನಿಟ್ಟಿಗೆ ಹಗಲಿಗೆ 30 ಪೆನ್ಸ್, ರಾತ್ರಿಗೆ 15, ಒಂದೇ ದರವಾದರೆ 25 ಎಂದು ಹಿಡಿಯೋಣ. ತಿಂಗಳಿಗೆ 250 ಯೂನಿಟ್ ಬಳಸಿ ಅದರಲ್ಲಿ 50 ಮಾತ್ರ ರಾತ್ರಿಯದಾದರೆ ಎರಡು ದರದಲ್ಲಿ 67.50 ಪೌಂಡ್, ಒಂದೇ ದರದಲ್ಲಿ 62.50 ಪೌಂಡ್. ಅದೇ ರಾತ್ರಿಯ ಬಳಕೆ 125 ಆದರೆ ಎರಡು ದರದಲ್ಲಿ 56.25 ಪೌಂಡ್, ಬದಲಿಸಿದವರಿಗೇ ನಷ್ಟ. ಈ ದರಗಳಲ್ಲಿ ಮೂರನೆಯ ಒಂದು ಪಾಲು ರಾತ್ರಿ ಬಳಸಿದರೆ ಎರಡೂ ಸಮ. ನಿಮ್ಮ ಬಿಲ್ಲಿನಲ್ಲಿರುವ ದರಗಳನ್ನು ಹಾಕಿ ಇದೇ ಲೆಕ್ಕ ಮಾಡಿ. ಇಲ್ಲಿನ ಇಂಧನ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ನಿಗದಿ ಮಾಡುವ ಬೆಲೆಮಿತಿ ಇದ್ದರೂ ಹಗಲು ರಾತ್ರಿಗಳ ನಡುವೆ ದರವನ್ನು ಹಂಚುವ ರೀತಿ ಕಂಪನಿಯಿಂದ ಕಂಪನಿಗೆ ಬೇರೆ. ಹಾಗಾಗಿ ಸ್ನೇಹಿತರ ಮನೆಯ ಲೆಕ್ಕ ನಿಮ್ಮ ಮನೆಗೆ ನಡೆಯುವುದಿಲ್ಲ. ಬಳಕೆ ಎಷ್ಟೇ ಇರಲಿ ದಿನಕ್ಕಿಷ್ಟೆಂದು ಕಟ್ಟಬೇಕಾದ ಸ್ಟ್ಯಾಂಡಿಂಗ್ ಚಾರ್ಜನ್ನೂ ಹೋಲಿಸಿ ನೋಡಿ.

ರೀಡಿಂಗ್ ಓದುವಾಗ ಒಂದು ಎಚ್ಚರಿಕೆ. ಕೆಲವು ಮೀಟರ್‌ಗಳಲ್ಲಿ ‘ಲೋ’, ‘ನಾರ್ಮಲ್’ ಎಂದು ಬರೆದಿರುತ್ತದೆ. ಕೆಲವದರಲ್ಲಿ ಬರೀ ರೇಟ್ 1, ರೇಟ್ 2. ಒಂದು ಎಂದರೆ ಹಗಲು ಎಂದು ಊಹಿಸಬೇಡಿ. ಸಂಜೆ ಅಡುಗೆಗೆ ಮೊದಲು ಎರಡೂ ಅಂಕಿಗಳ ಫೋಟೋ ತೆಗೆದುಕೊಳ್ಳಿ, ಊಟವಾದ ಮೇಲೆ ಮತ್ತೊಮ್ಮೆ ತೆಗೆಯಿರಿ. ಏರಿದ್ದು ಹಗಲಿನ ಅಂಕಿ. ಬಿಲ್ಲಿನಲ್ಲಿ ಅದು ರಾತ್ರಿಯದೆಂದು ಅಚ್ಚಾಗಿದ್ದರೆ ಎರಡೂ ಅದಲುಬದಲಾಗಿವೆ. ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಅಗ್ಗದ ಏಳು ಗಂಟೆ ಎಲ್ಲರಿಗೂ ಒಂದೇ ಹೊತ್ತಿಗೆ ಶುರುವಾಗುವುದಿಲ್ಲ. ಹಳೆಯ ಮೀಟರ್‌ಗಳು ಬೇಸಿಗೆಯಲ್ಲಿ ಗಡಿಯಾರ ಮುಂದೆ ಹೋದರೂ ತಾವು ಹೋಗುವುದಿಲ್ಲ. ಚಳಿಗಾಲದಲ್ಲಿ ಹನ್ನೆರಡೂವರೆಯಿಂದ ಏಳೂವರೆ ಇದ್ದದ್ದು ಬೇಸಿಗೆಯಲ್ಲಿ ಒಂದೂವರೆಯಿಂದ ಎಂಟೂವರೆಯಾಗುತ್ತದೆ.

ಸ್ಟೋರೇಜ್ ಹೀಟರ್ ಇರುವ ಫ್ಲಾಟಿನವರು ದಯವಿಟ್ಟು ನಿಧಾನಿಸಿ. ಗೋಡೆಗೆ ಹಾಕಿರುವ ಆ ಭಾರದ ಪೆಟ್ಟಿಗೆಯೊಳಗೆ ಇಟ್ಟಿಗೆಗಳಿವೆ. ರಾತ್ರಿ ಕಾದು ಹಗಲಿಡೀ ಬಿಸಿ ಬಿಡುತ್ತವೆ. ಮೇಲೆ ಸಾಮಾನ್ಯವಾಗಿ ಎರಡು ತಿರುಗುಗುಂಡಿಗಳಿರುತ್ತವೆ: ಇನ್‌ಪುಟ್ ಎಂಬುದು ರಾತ್ರಿ ಎಷ್ಟು ಬಿಸಿ ತುಂಬಿಕೊಳ್ಳಬೇಕು ಎಂಬುದಕ್ಕೆ, ಔಟ್‌ಪುಟ್ ಅದನ್ನು ಎಷ್ಟು ಬೇಗ ಹೊರಬಿಡಬೇಕು ಎಂಬುದಕ್ಕೆ. ಹೊಸಬರು ಎರಡನ್ನೂ ಪೂರ್ತಿ ತಿರುಗಿಸಿ ಮಲಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬಿಸಿ ಖಾಲಿ. ಸಂಜೆ ಚಳಿ ತಡೆಯಲಾರದೆ 2 ಕಿಲೋವ್ಯಾಟಿನ ಫ್ಯಾನ್ ಹೀಟರ್ ಹಚ್ಚುತ್ತಾರೆ. ನಾಲ್ಕು ಗಂಟೆ ಬಿಡದೆ ಓಡಿದರೆ ಅದು 8 ಯೂನಿಟ್. ಮೇಲಿನ ಹಗಲು ದರದಲ್ಲಿ ದಿನಕ್ಕೆ 2.40 ಪೌಂಡ್. ಬಿಸಿನೀರಿನ ಟ್ಯಾಂಕಿನದೂ ಇದೇ ಕಥೆ. ಕೆಳಗಿನ ಕಾಯಿಲ್ ರಾತ್ರಿ ಕಾಯಿಸುತ್ತದೆ, ಮೇಲಿನದು ತುರ್ತಿಗೆ ಇರುವ ‘ಬೂಸ್ಟ್’. ಆ ಸ್ವಿಚ್ಚನ್ನು ಹಾಕಿಯೇ ಬಿಡುವವರು ಬಹಳ ಮಂದಿ. ಮಲಗುವಾಗ ಔಟ್‌ಪುಟ್ಟನ್ನು ಕನಿಷ್ಠಕ್ಕೆ ತನ್ನಿ, ಸಂಜೆ ಮನೆಗೆ ಬಂದ ಮೇಲೆ ಹೆಚ್ಚಿಸಿ, ಬೂಸ್ಟ್ ಆಫ್ ಮಾಡಿಡಿ. ಹೀಗೆ ಒಂದು ಬಿಲ್ ನೋಡಿದ ಮೇಲೆ ದರ ಬದಲಿಸುವ ಮಾತು. ಇಂಥ ಮನೆಗಳಲ್ಲಿ ಅನೇಕರಿಗೆ ಎರಡು ದರವೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಜುಲೈ ತಿಂಗಳ ಬಿಲ್ ನೋಡಿ ನಿರ್ಧರಿಸಲೇಬೇಡಿ. ಹೀಟರ್‌ಗಳೇ ಓಡದ ಕಾಲದಲ್ಲಿ ರಾತ್ರಿಯ ಪಾಲು ಸಹಜವಾಗಿಯೇ ಚಿಕ್ಕದಾಗಿ ಕಾಣುತ್ತದೆ. ಅದೇ ಕಟ್ಟಡದ ನೆರೆಯವರನ್ನು ಅವರ ಜನವರಿಯ ಅಂಕಿಗಳನ್ನು ಕೇಳಿ.

ರಾತ್ರಿಯ ಪಾಲು ಹೆಚ್ಚಿಸಲೆಂದು ಬಟ್ಟೆ ಒಣಗಿಸುವ ಯಂತ್ರವನ್ನು ಹಾಕಿ ಮಲಗಬೇಡಿ. ಇಲ್ಲಿನ ಅಗ್ನಿಶಾಮಕ ದಳದವರು ಇದನ್ನು ಮಾಡಬೇಡಿ ಎಂದು ಹೇಳುತ್ತಲೇ ಇರುತ್ತಾರೆ. ಕೆಲವು ಪೌಂಡ್‌ಗಳಿಗಾಗಿ ಮಕ್ಕಳು ಮಲಗಿರುವ ಮನೆಯಲ್ಲಿ ಅಂಥ ಅಪಾಯ ತಂದುಕೊಳ್ಳಬಾರದು.

ಬದಲಿಸುವುದು ಖಚಿತವಾದರೆ ಕಂಪನಿಗೆ ಫೋನ್ ಮಾಡಿ. ಬಿಲ್ ನಿಮ್ಮ ಹೆಸರಿನಲ್ಲಿದ್ದು ನೀವೇ ನೇರವಾಗಿ ಕಟ್ಟುತ್ತಿದ್ದರೆ ಕಂಪನಿಯನ್ನೂ ದರವನ್ನೂ ಆರಿಸುವ ಹಕ್ಕು ಬಾಡಿಗೆದಾರರಾದ ನಿಮ್ಮದೇ. ಮೀಟರನ್ನೇ ತೆಗೆದು ಹಾಕುವುದಾದರೆ ಮಾತ್ರ ಮೊದಲು ಕರಾರು ಪತ್ರ ಓದಿ, ಮಾಲೀಕರಿಗೋ ಏಜೆಂಟರಿಗೋ ಇ–ಮೇಲ್ ಬರೆದು ಉತ್ತರವನ್ನು ಇಟ್ಟುಕೊಳ್ಳಿ. ಸ್ಮಾರ್ಟ್ ಮೀಟರ್ ಆದರೆ ಸಾಮಾನ್ಯವಾಗಿ ಕಂಪನಿಯವರು ದೂರದಿಂದಲೇ ಬದಲಿಸಬಲ್ಲರು. ಹಳೆಯದಾದರೆ ಕೆಲವರು ಎರಡೂ ಅಂಕಿಗಳನ್ನು ಕೂಡಿಸಿ ಒಂದೇ ದರ ಹಾಕುತ್ತಾರೆ, ಕೆಲವರು ಮೀಟರ್ ಬದಲಿಸಬೇಕು ಎನ್ನುತ್ತಾರೆ. ಖರ್ಚೇನಾದರೂ ಇದೆಯೇ, ಈಗಿನ ಒಪ್ಪಂದವನ್ನು ಅವಧಿಗೆ ಮೊದಲೇ ಬಿಟ್ಟರೆ ಎಕ್ಸಿಟ್ ಫೀ ಇದೆಯೇ ಎಂದು ಕೇಳಿ. ನಿಗದಿತ ಅವಧಿಯ ಒಪ್ಪಂದದ ಕೊನೆಯ 49 ದಿನಗಳಲ್ಲಿ ಕಂಪನಿ ಬದಲಿಸಿದರೆ ಆ ಶುಲ್ಕ ಇಲ್ಲ.

ಹೀಟರ್‌ಗಳಿಗೆ ಪ್ರತ್ಯೇಕ ವಯರಿಂಗ್ ಇದೆಯೇ ಎಂಬುದನ್ನು ಮರೆಯದೆ ಹೇಳಿ. ಹಲವು ಮನೆಗಳಲ್ಲಿ ಆ ಸಾಲಿಗೆ ರಾತ್ರಿ ಮಾತ್ರ ವಿದ್ಯುತ್ ಬರುತ್ತದೆ. ಇದನ್ನು ತಿಳಿಸದೆ ಮೀಟರ್ ಬದಲಿಸಿದರೆ ಹೀಟರ್‌ಗಳು ಕೆಲಸ ಮಾಡದೆ ಹೋಗಬಹುದು. ಮೀಟರಿನ ಪಕ್ಕದಲ್ಲಿ ರೇಡಿಯೋ ಸಂಕೇತದಿಂದ ನಡೆಯುವ ಹಳೆಯ ಪೆಟ್ಟಿಗೆ ಇದ್ದರೆ ಇನ್ನೂ ಬೇಗ ಮಾತನಾಡಿ. ಆ ಸೇವೆಯನ್ನು 2025ರ ಜೂನ್ 30ರಿಂದ ಹಂತ ಹಂತವಾಗಿ ನಿಲ್ಲಿಸಲು ಆರಂಭಿಸಿದ್ದಾರೆ. ಎಲೆಕ್ಟ್ರಿಕ್ ಕಾರು ಕೊಳ್ಳುವ ಯೋಚನೆ ಇರುವವರು ಅದಕ್ಕೆಂದೇ ಇರುವ ರಾತ್ರಿ ದರಗಳನ್ನು ನೋಡಿಕೊಂಡು ಆಮೇಲೆ ಮುಂದುವರಿಯಿರಿ.

ಬದಲಾಗುವ ದಿನ ಎರಡೂ ಅಂಕಿಗಳ ಫೋಟೋ ತೆಗೆದಿಡಿ, ಮುಂದಿನ ಬಿಲ್ಲಿನಲ್ಲಿ ಅವೇ ಇವೆಯೇ ಎಂದು ನೋಡಿ. ಕಂಪನಿಯ ತಪ್ಪಿನಿಂದ ಹಿಂದಿನ ಬಾಕಿ ಎಂದು ಏನಾದರೂ ಬಂದರೆ 12 ತಿಂಗಳಿಗಿಂತ ಹಿಂದಿನ ಬಳಕೆಗೆ ಹಣ ಕೇಳುವಂತಿಲ್ಲ ಎಂಬ ನಿಯಮವಿದೆ. ಮಾತು ಬಗೆಹರಿಯದಿದ್ದರೆ ಸಿಟಿಜನ್ಸ್ ಅಡ್ವೈಸ್ ಎಂಬ ಸಂಸ್ಥೆ ಉಚಿತವಾಗಿ ಸಲಹೆ ಕೊಡುತ್ತದೆ. ಡೈರೆಕ್ಟ್ ಡೆಬಿಟ್ ಮೊತ್ತವನ್ನು ಹೊಸ ದರಕ್ಕೆ ಸರಿಯಾಗಿ ಮರುಲೆಕ್ಕ ಮಾಡಲು ನೀವೇ ಕೇಳಬೇಕು. ಕೇಳದಿದ್ದರೆ ತಿಂಗಳುಗಟ್ಟಲೆ ಹಳೆಯ ಮೊತ್ತವೇ ಕಡಿತವಾಗುತ್ತಾ ಹೋಗಬಹುದು.